ತೊಳೆದಿಟ್ಟ ನಾಣ್ಯಗಳು

ತಾತ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದದ್ದು ಒಂದು ನೀಲಿ ಆಲ್ಬಂ. ಗಟ್ಟಿ ರಟ್ಟಿನ ಹಾಳೆಗಳು, ಹಾಳೆಯ ತುಂಬ ನಾಣ್ಯದ ಅಳತೆಗೆ ಕೊರೆದ ಗುಂಡಿಗಳು, ಒಂದೊಂದು ಗುಂಡಿಯ ಕೆಳಗೂ ಪೆನ್ಸಿಲ್ಲಿನಲ್ಲಿ ತಾತ ಬರೆದ ಇಸವಿ. ತಾತ ಬಸ್ ಡಿಪೋದಲ್ಲಿ ಕ್ಯಾಷಿಯರ್ ಆಗಿದ್ದವರು. ಕಂಡಕ್ಟರುಗಳು ಚೀಲ ಸುರಿದಾಗ ಚಿಲ್ಲರೆಯ ರಾಶಿಯಲ್ಲಿ ಹಳೆಯ ನಾಣ್ಯವೇನಾದರೂ ಕಣ್ಣಿಗೆ ಬಿದ್ದರೆ, ಜೇಬಿನಿಂದ ಅಷ್ಟೇ ಬೆಲೆಯ ಬೇರೆ ನಾಣ್ಯ ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ಮೂವತ್ತು ವರ್ಷ ಹೀಗೆ ಕೂಡಿಸಿದ್ದು.

ಮಗುವಾಗಿದ್ದಾಗ ಅವಳು ದುಂಡಗಿದ್ದಳಂತೆ. ಅದಕ್ಕೇ ತಾತ ಅವಳನ್ನು ‘ಗುಂಡಿ’ ಎಂದೇ ಕರೆಯುತ್ತಿದ್ದರು. ಆಲ್ಬಮ್ಮಿನಲ್ಲಿ ಎಷ್ಟು ಗುಂಡಿ ಖಾಲಿ ಉಳಿದವು ಎಂದು ಯಾರಾದರೂ ಕೇಳಿದರೆ, “ಅವು ಹಾಗಿರಲಿ, ಮನೇಲಿರೋ ಗುಂಡಿ ಹೊಟ್ಟೆ ತುಂಬಿಸೋದೇ ಸಾಕಾಗಿದೆ” ಎನ್ನುತ್ತಿದ್ದರು.

ಅವರು ಹೋದಾಗ ಏಳು ಗುಂಡಿ ಖಾಲಿ ಇದ್ದವು. ಅವಳಿಗಾಗ ಮೂವತ್ತೊಂದು ವರ್ಷ, ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ. ತಾತ ಬಿಟ್ಟುಹೋದದ್ದನ್ನು ತಾನೇ ಮುಗಿಸುತ್ತೇನೆಂದು ಹಟ ತೊಟ್ಟಳು. ಏಳು ಇಸವಿಗಳನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು, ಭಾನುವಾರ ಬಂತೆಂದರೆ ಗುಜರಿ ಅಂಗಡಿ, ಹಳೆ ಸಾಮಾನಿನ ಸಂತೆ ಎಂದು ಅಲೆದಳು. ಕನ್ನಡಕ ರಿಪೇರಿಗೆ ಬಂದ ಮುದುಕರನ್ನೂ ಬಿಡದೆ ಕೇಳಿದಳು. ಎರಡು ವರ್ಷದಲ್ಲಿ ಆರು ಸಿಕ್ಕವು. ಏಳನೆಯದು ಯಾರ ಬಳಿಯೂ ಇರಲಿಲ್ಲ.

ಕೊನೆಗೆ ಯಾರೋ ಒಬ್ಬ ವ್ಯಾಪಾರಿಯ ವಿಳಾಸ ಕೊಟ್ಟರು. ಹಳೆಯ ವಾಣಿಜ್ಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಅಂಗಡಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ವ್ಯಾಪಾರಿಗೆ ಎಪ್ಪತ್ತೈದು ದಾಟಿತ್ತು. ಅವಳು ಹೇಳಿದ ಇಸವಿ ಕೇಳಿ, ಡ್ರಾಯರಿನಿಂದ ಸಣ್ಣ ಕಾಗದದ ಲಕೋಟೆ ತೆಗೆದು ನಾಣ್ಯವನ್ನು ಬಟ್ಟೆಯ ಮೇಲೆ ಇಟ್ಟರು. ಕಂದು ಬಣ್ಣಕ್ಕೆ ತಿರುಗಿದ ನಾಣ್ಯ. ಅವಳು ಬಗ್ಗಿ ಇಸವಿ ಓದಿದಳು.

“ಇದೇ. ಸ್ವಲ್ಪ ಮಂಕಾಗಿದೆ, ಪರವಾಗಿಲ್ಲ ಬಿಡಿ. ತೊಳೆದ್ರೆ ಸರಿಹೋಗುತ್ತೆ.”

ವ್ಯಾಪಾರಿ ನಾಣ್ಯದ ಮೇಲೆ ಅಂಗೈ ಮುಚ್ಚಿದರು. “ತೊಳೀತೀರಾ?”

“ಮಿಕ್ಕಿದ್ದೆಲ್ಲ ಹಾಗೇ ಇದಾವಲ್ಲ. ಇದೊಂದು ಮಾತ್ರ ಬೇರೆ ಥರ ಕಾಣಬಾರದು ನೋಡಿ.” ಅವಳು ಚೀಲದಿಂದ ಆಲ್ಬಂ ತೆಗೆದು ಅವರ ಮುಂದೆ ಬಿಡಿಸಿದಳು. ಆಲ್ಬಂ ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲು. “ಹೆಂಗೆ ಹೊಳೀತಿವೆ ನೋಡಿ. ಎಲ್ಲ ನಾನೇ ತೊಳೆದಿದ್ದು, ಒಂಬತ್ತು ವರ್ಷದವಳಿದ್ದಾಗಿನಿಂದ.”

ಅವರು ಭೂತಗನ್ನಡಿ ಹಿಡಿದು ಒಂದು ಹಾಳೆ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ಪೆನ್ಸಿಲ್ಲಿನ ಅಕ್ಷರವನ್ನೇ ನೋಡುತ್ತ ಕೂತರು.

“ಡಿಪೋ ಕ್ಯಾಷಿಯರು ನಿಮಗೆ ಏನಾಗಬೇಕು?”

“ನಮ್ಮ ತಾತ. ನಿಮಗೆ ಗೊತ್ತಾ?”

“ಗೊತ್ತಿಲ್ಲದೆ ಏನಮ್ಮ. ವಾರ ವಾರ ಬರೋರು. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಪುರಸಭೆ ಹಾಲಲ್ಲಿ ನಾವು ನಾಣ್ಯದ ಪ್ರದರ್ಶನ ಇಟ್ಟಿದ್ವಿ. ನಡುವೆ ದೊಡ್ಡ ಮೇಜು ಅವರಿಗೇ ಅಂತ ಇಟ್ಟಿದ್ದು. ಅವರ ಹತ್ತಿರ ಇದ್ದಂಥ ಸಾಲು ಈ ಕಡೆ ಯಾರ ಹತ್ತಿರಾನೂ ಇರಲಿಲ್ಲ. ಹಿಂದಿನ ದಿನ ಮೈಗೆ ಹುಷಾರಿಲ್ಲ ಅಂತ ಹೇಳಿ ಕಳಿಸಿದ್ರು. ಮೇಜು ಹಾಗೇ ಖಾಲಿ ಇತ್ತು. ಆಮೇಲೆ ಅವರು ಈ ಕಡೆ ತಲೆ ಹಾಕಲೇ ಇಲ್ಲ.” ಕಂದು ನಾಣ್ಯವನ್ನು ಅವಳತ್ತ ಸರಿಸಿ ಹೇಳಿದರು: “ಹಳೆ ನಾಣ್ಯಕ್ಕೆ ಆ ಕಂದು ಬಣ್ಣಾನೇ ಚರ್ಮ ಇದ್ದಂಗೆ. ಉಜ್ಜಿದ್ರೆ ಸುಲಿದು ಹೋಗುತ್ತೆ, ಮತ್ತೆ ಬರಲ್ಲ. ಇವಕ್ಕೆ ಈಗ ಬೆಲೆ ಏನೂ ಉಳಿದಿಲ್ಲಮ್ಮ.”

ಅವಳಿಗೆ ಆ ದಿನ ಕಣ್ಣಿಗೆ ಕಟ್ಟಿದಂತಿತ್ತು. ಶಾಲೆಗೆ ರಜೆ. “ನಾಲ್ಕು ಜನರ ಮುಂದೆ ಇಡಬೇಕು, ಗುಂಡಿ” ಎಂದು ತಾತ ವಾರದಿಂದ ಹೇಳುತ್ತಲೇ ಇದ್ದರು. ಅವರು ಡ್ಯೂಟಿಗೆ ಹೋದದ್ದೇ ತಡ, ನಿಂಬೆರಸ, ಅಡುಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಷ್ ತಂದುಕೊಂಡು ಬಚ್ಚಲಲ್ಲಿ ಕೂತು, ಒಂದೂ ಬಿಡದೆ ಉಜ್ಜಿ ಒರೆಸಿ ಅದದರ ಗುಂಡಿಗೇ ಸೇರಿಸಿದ್ದಳು. ಸಂಜೆ ತಾತ ಬಂದು ಆಲ್ಬಂ ಬಿಡಿಸಿದವರು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟರು. ನೀರು ಕೇಳಿ ಕುಡಿದರು.

“ಎಷ್ಟು ಹೊತ್ತು ತೊಳೆದೆ?”

“ಬೆಳಿಗ್ಗೆಯಿಂದ.”

“ಕೈ ತೋರಿಸು.” ನಿಂಬೆರಸಕ್ಕೆ ಬೆರಳ ತುದಿಗಳು ಕೆಂಪಾಗಿದ್ದವು. ತಾತ ಎಣ್ಣೆ ತಂದು ಒಂದೊಂದೇ ಬೆರಳಿಗೆ ಹಚ್ಚಿದರು. “ಚೆನ್ನಾಗಿ ಹೊಳೀತಿವೆ” ಎಂದರು. ಆ ಮಾತು ಕೇಳಿ ಅವಳು ಮನೆಯೆಲ್ಲ ಕುಣಿದಾಡಿದ್ದಳು.

ಆಮೇಲೆ ತಾತನ ಜೊತೆ ಹುಡುಕಿ ತಂದವನ್ನೂ, ಈಗ ತಾನೇ ಹುಡುಕಿ ತಂದ ಆರು ನಾಣ್ಯಗಳನ್ನೂ ಅವಳು ಹಾಗೆಯೇ ತೊಳೆದಿದ್ದಳು.

ವ್ಯಾಪಾರಿ ಸಮಾಧಾನ ಹೇಳಲು ನೋಡಿದರು. “ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಅರ್ಧಕ್ಕರ್ಧ ಸುಲಭಕ್ಕೆ ಸಿಗೋವೇ. ನಿಧಾನಕ್ಕೆ ಒಂದೊಂದೇ ಬದಲಾಯಿಸ್ತಾ ಹೋಗಿ.”

“ಬೇಡ. ತಾತ ಆರಿಸಿದ್ದು ಇವೇ.”

ಏಳನೆಯದನ್ನು ಲಕೋಟೆಯ ಸಮೇತ ಕೊಂಡು ಅವಳು ಮನೆಗೆ ಬಂದಳು. ಅಮ್ಮ ಹಾಲ್‌ನಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಚೀಲವನ್ನೂ ಇಳಿಸದೆ ಅವಳು ಕೇಳಿದಳು, “ನಾನು ತೊಳೆದಿದ್ದಕ್ಕೇ ತಾತನ ನಾಣ್ಯ ಹಾಳಾದ್ವು ಅಂತ ನಿನಗೆ ಗೊತ್ತಿತ್ತಾ?”

ಅಮ್ಮನ ಕೈ ನಿಂತಿತು. “ಯಾರು ಹೇಳಿದ್ರು?”

“ಗೊತ್ತಿತ್ತಾ, ಇಲ್ವಾ?”

“ಗೊತ್ತಿತ್ತು ಕಣೆ. ಆವತ್ತು ನಿನ್ನ ಮೇಲೆ ಕೈ ಎತ್ತೋಕೆ ಹೋದೆ, ಅಪ್ಪ ನನ್ನ ತಡೆದ್ರು. ಮಗು ಮುಂದೆ ಯಾರೂ ಬಾಯಿ ಬಿಡಬಾರದು ಅಂತ ನಂಗೂ ಅಜ್ಜಿಗೂ ಆಣೆ ಹಾಕಿದ್ರು.”

“ಆದ್ರೆ ಆಮೇಲೂ ತಾತ ನಾಣ್ಯ ತರ್ತಿದ್ರಲ್ಲ. ಪ್ರತಿ ಭಾನುವಾರ ನನ್ನ ಕರ್ಕೊಂಡು ಹೋಗ್ತಿದ್ರಲ್ಲ.”

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ತೊಡೆಯ ಮೇಲಿಳಿಸಿದರು. “ಒಂದು ವರ್ಷ ಆಲ್ಬಮ್ಮನ್ನ ಮುಟ್ಟೇ ಇರಲಿಲ್ಲ ಅವರು. ಬೀರು ಮೇಲಿಟ್ಟು ಅದರ ಸುದ್ದಿ ಬೇಡ ಅಂದಿದ್ರು. ನೀನೇ ಒಂದಿನ ಊಟಕ್ಕೆ ಕೂತಾಗ ‘ಯಾಕೆ ತಾತ, ನಾಣ್ಯ ಸಾಕಾಯ್ತಾ?’ ಅಂತ ಕೇಳಿದೆ. ಮಾರನೇ ಭಾನುವಾರ ಅದನ್ನ ಕೆಳಗಿಳಿಸಿ ನಿನ್ನ ಕರ್ಕೊಂಡು ಹೊರಟ್ರು.”

“ಅಂದ್ರೆ ನನಗೋಸ್ಕರ.”

“ನಿನಗೆ ಅನುಮಾನ ಬರಬಾರದು ಅಂತ ಇರಬೇಕು.”

“ಅವರಿಗೆ ಅದರಲ್ಲಿ ಖುಷಿ ಇತ್ತಾ, ಅಮ್ಮ? ಅಷ್ಟು ವರ್ಷ?”

“ಅದು ನಂಗೆ ಗೊತ್ತಿಲ್ಲ” ಎಂದರು ಅಮ್ಮ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಸಂತೆಯಲ್ಲಿ ತಾತನ ಕಿರುಬೆರಳು ಹಿಡಿದು ನಡೆದ ಅಷ್ಟೂ ಭಾನುವಾರಗಳು ಅವಳ ಪಾಲಿಗೆ ಬದುಕಿನ ಅತ್ಯಂತ ಒಳ್ಳೆಯ ದಿನಗಳಾಗಿದ್ದವು. ನಾಣ್ಯ ಸಿಕ್ಕಿತೆಂದು ಅವಳು ಕೂಗಿಕೊಂಡಾಗ ತಾತ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡುತ್ತಿದ್ದರು, ನಗುತ್ತಿದ್ದರು. ಆ ನಗುವಿನಲ್ಲಿ ಎಷ್ಟು ನಿಜ, ಎಷ್ಟು ಅವಳಿಗಾಗಿ ಎಂದು ಇನ್ನು ಯಾರನ್ನು ಕೇಳುವುದು?

“ಒಂದು ಸಲ ಬೈದುಬಿಡಬೇಕಿತ್ತು. ಅತ್ತು ಸುಮ್ಮನಾಗ್ತಿದ್ದೆ. ತಪ್ಪಾಯ್ತು ಅಂತ ಹೇಳೋಕಾದ್ರೂ ಆಗ್ತಿತ್ತು.”

“ಬೈಯೋಕೆ ಬರ್ತಿರಲಿಲ್ಲ ಅವರಿಗೆ.”

ಅವಳು ಅಲ್ಲೇ ನೆಲದ ಮೇಲೆ ಕೂತು ಆಲ್ಬಮ್ಮಿನ ಕೊನೆಯ ಹಾಳೆ ಬಿಡಿಸಿದಳು. ಲಕೋಟೆಯಿಂದ ನಾಣ್ಯ ತೆಗೆದು, ತೊಳೆಯದೆ, ಅಂಚನ್ನಷ್ಟೇ ಹಿಡಿದು ಖಾಲಿ ಗುಂಡಿಗೆ ಒತ್ತಿದಳು. ಥಳಥಳ ಮಿರುಗುವ ಸಾಲಿನ ತುದಿಯಲ್ಲಿ ಅದೊಂದೇ ಕಂದು ಬಣ್ಣದ್ದಾಗಿ ಕೂತಿತು.

“ಮುಗೀತಾ?” ಅಮ್ಮ ಕೇಳಿದರು.

“ಮುಗೀತು.”

ಆಲ್ಬಂ ಮುಚ್ಚಿ ಎದ್ದವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಳು ಅಮ್ಮನಿಗೆ ಕೇಳಿಸಬಾರದೆಂದು ನಲ್ಲಿ ತಿರುಗಿಸಿದಳು. ಆದರೂ ಕೇಳಿಸಿತು. ಅಮ್ಮ ಬಾಗಿಲು ತಟ್ಟಲಿಲ್ಲ. ಅರ್ಧ ಮಡಿಸಿದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಈಚೆ ಗೋಡೆಗೆ ಒರಗಿ ಕೂತರು. ಬಕೆಟ್ ತುಂಬಿ ನೀರು ಬಾಗಿಲ ಸಂದಿಯಿಂದ ಹರಿದು ಬಂದು ಅವರ ಸೀರೆ ನೆನೆಯುವವರೆಗೂ ಇಬ್ಬರೂ ಹಾಗೆಯೇ ಇದ್ದರು.