ಜಾರಾನಿಗೆ ಕೋಪ ಬಂತು

ಬುರೆಮಾ ಜಾರಾನಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಾಗ ನನಗೆ ಸಂತೋಷವಾಯಿತು ಎಂದರೆ ಸುಳ್ಳು. ಬಮಾಕೊದ ನಮ್ಮ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅವನು ಹನ್ನೊಂದು ವರ್ಷ ಅಚ್ಚಿನ ಯಂತ್ರದ ಮುಂದೆ ಬೆಂದವನು. ನಾನು ಹದಿಮೂರು ವರ್ಷ ಬಣ್ಣ ಕಲಸಿದವನು. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಮನೆಮನೆಯಲ್ಲೂ ಇರುವ ಪಟ್ಟೆಪಟ್ಟೆ ಗಿಂಡಿ ಇದೆಯಲ್ಲ, ಅದರ ಬಣ್ಣ ನನ್ನದು. ನನ್ನನ್ನು ಯಾರು ಕೇಳಿದರು?

ಮ್ಯಾನೇಜರ್ ಸಂಗಾರೆ ಒಂದು ತಿಂಗಳ ಗಡುವು ಹಾಕಿದ್ದರು. ಕೊನೆಯ ದಿನ ನೂರು ಗಿಂಡಿಗೆ ನೀರು ತುಂಬಿಸಿ ನೋಡುವುದು, ಐದಕ್ಕಿಂತ ಹೆಚ್ಚು ಸೋರಿದರೆ ಬುರೆಮಾ ಮತ್ತೆ ಯಂತ್ರದ ಮುಂದೆ. ಅವನ ಹೆಂಡತಿಯೋ ಆಗಲೇ ಓಣಿಗೆಲ್ಲ ಸಾರಿಬಿಟ್ಟಿದ್ದಳು, ಎರಡು ಜೇಬಿನ ಬಿಳಿ ಅಂಗಿಯನ್ನೂ ಹೊಲಿಸಿದ್ದಳು. ಕೆಳಗಿಳಿದರೆ ಮುಖ ಎಲ್ಲಿಟ್ಟುಕೊಳ್ಳುವುದು?

ಮೊದಲ ದಿನ ಅವನು ಆ ಅಂಗಿ ತೊಟ್ಟು, ಕೊರಳಿಗೆ ಸೀಟಿ ತೂಗಿಹಾಕಿಕೊಂಡು ಬಂದ. ಗಿಂಡಿಯ ಮೂತಿಗೆ ಅಂಟಿದ ಹೆಚ್ಚುವರಿ ಪ್ಲಾಸ್ಟಿಕ್ ಹೆರೆಯುವ ತೆನಿನ್ ಡೆಂಬೆಲೆ ಚಾಕು ಕೆಳಗಿಟ್ಟಳು.

"ಅಯ್ಯೋ, ಈ ಅಲಸಂದೆಬಾಕನಿಗೆ ಸೀಟಿ ಕೊಟ್ಟವರ್ಯಾರ್ರೋ! ಹಿಂದಿಂದ ಊದೋದು ಸಾಲದು ಅಂತ ಮುಂದಿಂದಾನೂ ಊದ್ತಾನಾ?"

ಜಾರಾ ಮನೆತನಕ್ಕೂ ಡೆಂಬೆಲೆ ಮನೆತನಕ್ಕೂ ಮುತ್ತಾತರ ಕಾಲದಿಂದ ಬೈದಾಡುವ ನಂಟು. ಎದುರಾದರೆ ಹೀಯಾಳಿಸಲೇಬೇಕು, ಹೀಯಾಳಿಸಿಕೊಂಡವರು ಸಿಟ್ಟಾಗಲೇಬಾರದು. ಹನ್ನೊಂದು ವರ್ಷವೂ ಬುರೆಮಾ "ಬಾಯ್ಮುಚ್ಚೇ, ನಮ್ಮನೆ ಆಳೇ" ಅಂತ ತಿರುಗಿಸಿ ಕೊಡುತ್ತಿದ್ದ. ಅಂದು ಮಾತ್ರ ಗಂಟಲು ಸರಿಮಾಡಿಕೊಂಡು ಹೇಳಿದ:

"ತೆನಿನ್ ಅವರೇ, ಇದು ಕೆಲಸದ ಜಾಗ. ಮರ್ಯಾದೆ ಇರಲಿ."

ಮೂರನೆಯ ದಿನ ಅವಳ ಕೈಗೆ ಎಚ್ಚರಿಕೆ ಪತ್ರವನ್ನೇ ಕೊಟ್ಟ. ಡೆಂಬೆಲೆಯ ಮಾತಿಗೆ ಜಾರಾನಿಗೆ ಕೋಪ ಬರುವುದೆಂದರೇನು? ನಾವೆಲ್ಲ ಕೂತು ಯೋಚಿಸಿ, ಅವನಿಗೆ ಏನೋ ಕಾಯಿಲೆ ಎಂದು ತೀರ್ಮಾನಿಸಿದೆವು. ಶುಕ್ರವಾರ ಕಾಣಿಕೆಗೆಂದು ಕೋಲಾ ಕಾಯಿ ಹಿಡಿದುಕೊಂಡು ಅವನ ಮನೆಗೆ ಹೋದೆವು. ತೆನಿನ್ ಬೇವಿನ ಕಷಾಯ ಕಾಯಿಸಿ ತಂದಿದ್ದಳು.

"ಊಟ ಸೇರುತ್ತೇನಮ್ಮ ಇವನಿಗೆ?" ಅಂತ ಅವನ ಹೆಂಡತಿಯನ್ನು ಕೇಳಿದಳು. "ನಿದ್ದೇಲಿ ಬಡಬಡಿಸ್ತಾನಾ?"

"ನನಗೇನೂ ಆಗಿಲ್ಲ!" ಎಂದು ಬುರೆಮಾ ಕಿರುಚಿದ.

"ಕಣ್ಣು ಕೆಂಪಾಗಿದೆ ನೋಡಿ," ಎಂದೆ ನಾನು. ಆ ದಿನ ನನಗೆ ತುಂಬಾ ಖುಷಿಯಾಗಿತ್ತು.

ಕಾಯಿಲೆಯವನನ್ನು ನೋಯಿಸಬಾರದಲ್ಲ, ಅಂದಿನಿಂದ ಕಾರ್ಖಾನೆಯಲ್ಲಿ ಎಲ್ಲರೂ ಬಹಳ ಸಭ್ಯರಾದೆವು. ಮೊದಲೆಲ್ಲ ಗಿಂಡಿಯ ತಳ ತೆಳ್ಳಗಾದರೆ ತೆನಿನ್ ಅದನ್ನು ಎತ್ತಿಹಿಡಿದು, "ಜಾರಾನ ಹೊಟ್ಟೆ ನೋಡ್ರೋ, ಸೋರ್ತಿದೆ!" ಎಂದು ಕೂಗುತ್ತಿದ್ದಳು. ಬುರೆಮಾ ಬೈದುಕೊಂಡೇ ಯಂತ್ರ ಸರಿಮಾಡುತ್ತಿದ್ದ. ಈಗ ಅವಳು ತೂತು ಕಂಡರೂ "ದೇವರು ಒಳ್ಳೇದು ಮಾಡಲಿ" ಅಂತ ಮುಂದಕ್ಕೆ ದಾಟಿಸಿದಳು. ನಾನೂ ದಾಟಿಸಿದೆ. ನಮ್ಮ ಸಭ್ಯತೆಯೆಲ್ಲ ಉಗ್ರಾಣದಲ್ಲಿ ರಾಶಿಬಿದ್ದು ಸೋರುತ್ತಿತ್ತು.

ಗಡುವಿಗೆ ನಾಲ್ಕು ದಿನ ಇರುವಾಗ ಬುರೆಮಾ ತಾನೇ ನೂರು ಗಿಂಡಿ ತುಂಬಿಸಿ ನೋಡಿದ. ಹದಿನೇಳು ಸೋರಿದವು. ಕೊನೆಯದಂತೂ ಅವನು ಎತ್ತಿಹಿಡಿದಿದ್ದಾಗಲೇ ತಳ ಕಳಚಿಕೊಂಡು, ನೀರೆಲ್ಲ ಬಿಳಿ ಅಂಗಿಯ ಮೇಲೆ ಸುರಿಯಿತು. ಯಾರೂ ನಗಲಿಲ್ಲ. ತೆನಿನ್ ಮೆಲ್ಲಗೆ, "ಒರೆಸಿಕೊಳ್ಳಿ ಸೂಪರ್‌ವೈಸರ್ ಅವರೇ," ಎಂದು ಬಟ್ಟೆ ಚಾಚಿದಳು.

ಆ 'ಅವರೇ' ಕೇಳಿ ಅವನು ಬಟ್ಟೆ ತೆಗೆದುಕೊಳ್ಳದೆ ನಮ್ಮೆಲ್ಲರ ಮುಖ ನೋಡಿದ. ಅಷ್ಟು ಒಂಟಿಯಾದ ಮನುಷ್ಯನನ್ನು ನಾನು ನೋಡಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಅಲ್ಲಿಗೇ ಆರಿತು. ಅವನು ಸೀಟಿಯನ್ನು ಕಿತ್ತು ಜೇಬಿಗೆ ತುರುಕಿಕೊಂಡ.

"ಏಯ್ ಡೆಂಬೆಲೆ!" ಎಂದು ಗದರಿದ. "ನಮ್ಮನೆ ಆಳೇ! ಇಷ್ಟು ದೊಡ್ಡ ತೂತು ಕಣ್ಣಿಗೆ ಬೀಳಲಿಲ್ವಾ? ನಿಮ್ಮಪ್ಪ ಇದನ್ನೇನಾ ಕಲಿಸಿದ್ದು?"

ತೆನಿನ್ ಬಟ್ಟೆ ಬಿಸಾಡಿ ಎರಡೂ ಕೈ ಮೇಲೆತ್ತಿದಳು.

"ಬದುಕಿದ ಕಣ್ರೋ! ಅಲಸಂದೆಬಾಕ ಬದುಕಿದ!"

ಬಿದ್ದು ಬಿದ್ದು ನಕ್ಕೆವು. ಆಮೇಲಿನ ನಾಲ್ಕು ದಿನ ಕಾರ್ಖಾನೆಯಲ್ಲಿ ಬೈಗುಳವೋ ಬೈಗುಳ. ನನ್ನ ಬಣ್ಣವನ್ನು ಆಡಿನ ಹಿಕ್ಕೆಗೆ ಹೋಲಿಸಿದರು. ನೋಡಿದರೆ ನಿಜವಾಗಿಯೂ ಗಂಟುಗಟ್ಟಿತ್ತು. ಗಡುವಿನ ದಿನ ಸಂಗಾರೆ ಎಣಿಸಿದಾಗ ಸೋರಿದ್ದು ನಾಲ್ಕೇ.

ಕೆಲಸ ಖಾಯಂ ಆದ ಸಂಜೆ ಬುರೆಮಾ ತೆನಿನ್ ಹತ್ತಿರ ಬಂದು ಕೈ ಚಾಚಿದ.

"ಆ ಎಚ್ಚರಿಕೆ ಕಾಗದ ಕೊಡೇ, ಹರಿದು ಹಾಕ್ತೀನಿ."

"ಕೊಡಲ್ಲ. ಪೆಟ್ಟಿಗೇಲಿಟ್ಟಿದೀನಿ. ನಿನ್ನ ಮಣ್ಣು ಮಾಡೋ ದಿನ ಎಲ್ಲರ ಮುಂದೆ ಓದ್ತೀನಿ."

"ನಿಂಗಾಗ್ಲೇ ಅರವತ್ತಾಯ್ತು. ಅಲ್ಲೀತನಕ ಬದುಕಿರ್ತೀಯಾ ಮುದುಕಿ?"

"ಇರಲೇಬೇಕಲ್ಲೋ," ಎಂದು ತೆನಿನ್ ಚಾಕು ಒರೆಸಿದಳು. "ನಾನು ಹೋದ್ರೆ ನಿನ್ನ ಬೈಯೋರ್ಯಾರು?"

ಬುರೆಮಾ ಅವಳ ಪಕ್ಕದ ಮಣೆಯ ಮೇಲೆ ಕೂತು, ಉಳಿದ ಗಿಂಡಿಗಳ ಮೂತಿ ಹೆರೆಯತೊಡಗಿದ.