ಒಂದು ಜೋಡಿ ವಾಲ್ವಿಗೆ ಎಷ್ಟು ಪ್ಯಾರಾ?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ಕೂತಿದ್ದಾಗ ವಾಲ್ವಿನ ಬೆಲೆ ಏರಿಬಿಟ್ಟಿತು.

(ನಿಮಗೆ ನಗು ಬರಬಹುದು. ಚಿಕ್ಕಮ್ಮನಿಗೆ ಬರಲಿಲ್ಲ.)

ಚಿಕ್ಕಮ್ಮ ಈ ಕಥೆಯ ನಾಯಕಿ. ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಮೂಗಿನ ಮೇಲೆ ಫ್ರೇಮ್ ಕೂರಿಸಿ "ಕೆಳಗಿನ ಸಾಲು ಓದಿ" ಎನ್ನುತ್ತಾಳೆ, ಸಂಜೆ ಮನೆಗೆ ಬಂದು ಗಿಟಾರ್ ಎತ್ತಿಕೊಳ್ಳುತ್ತಾಳೆ. ಅವಳ ಆಂಪ್ಲಿಫೈಯರ್ ಹಳೆಯ ಕಾಲದ್ದು, ಒಳಗೆ ಗಾಜಿನ ವಾಲ್ವ್‌ಗಳಿರುವ ಭಾರದ ಪೆಟ್ಟಿಗೆ. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುವುದಿಲ್ಲ. ವಾಲ್ವ್‌ಗಳು ಕೆಂಪಗೆ ಕಾದು, ಅದು ಮನಸ್ಸು ಮಾಡಿದ ಮೇಲೇ ಬಾಯಿ ಬಿಡುತ್ತದೆ. ಈಗ ಅದರ ಎರಡು ದೊಡ್ಡ ವಾಲ್ವ್‌ಗಳಲ್ಲಿ ಒಂದು ಕೈಕೊಟ್ಟಿದೆ. ಶನಿವಾರ ಸಂಜೆ ಅವಳ ಬ್ಯಾಂಡಿನ ಕಾರ್ಯಕ್ರಮವಿದೆ.

ಇಂಥ ವಾಲ್ವ್ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ, ಉಳಿದವರು ಆಡಿದ್ದೇ ಆಟ. ನಾನು ಶೀರ್ಷಿಕೆ ಬರೆಯುವಾಗ ಒಂದು ಜೋಡಿಗೆ ಒಳ್ಳೆಯ ಕುಕ್ಕರಿನ ಬೆಲೆ ಇತ್ತು. ಈಗ ಗ್ಯಾಸ್ ಒಲೆಯೂ ಸೇರಿಕೊಂಡಿದೆ.

"ಬೇಗ ಬೇಗ ಬರಿ ಕಣೋ," ಎಂದಳು ಚಿಕ್ಕಮ್ಮ. "ನೀನು ವರ್ಣನೆ ಮಾಡ್ತಾ ಕೂತ್ರೆ ನನ್ನ ಜೇಬಿಗೆ ಕತ್ತರಿ."

೨

ಮೊದಲ ಡ್ರಾಫ್ಟ್: ಬೀದಿಯ ಕೊನೆಯಲ್ಲಿ ಮಂಕು ಬೆಳಕು ಹರಡಿತ್ತು. ಯಾವುದೋ ಕಿಟಕಿಯಿಂದ...

(ಹೊಡೆದು ಹಾಕಿದೆ. ಮಂಕು ಬೆಳಕಿಗೇ ಬೆಲೆ ಇನ್ನೊಂದು ಸುತ್ತು ಏರಿತು. ಪಾಪ, ಕಿಟಕಿ ಯಾರದೆಂದು ನನಗೂ ಗೊತ್ತಾಗಲಿಲ್ಲ.)

೩

ರಿಪೇರಿ ಅಂಗಡಿ ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗಿದೆ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಪೆಟ್ಟು ಗ್ಯಾರಂಟಿ. ಅಂಗಡಿಯವನನ್ನು ಎಲ್ಲರೂ 'ಬೆಸುಗೆ' ಎಂದೇ ಕರೆಯುತ್ತಾರೆ. ಅವನು ಪೆನ್ಸಿಲ್‌ನಿಂದ ವಾಲ್ವನ್ನು ತಟ್ಟಿ, ಕಿವಿಗೊಟ್ಟು, ಮುಖ ಸಣ್ಣದು ಮಾಡಿದ.

"ಇದು ಹೋಯ್ತು."

"ಹಾಗಾದ್ರೆ ಇದೊಂದನ್ನ ಬದಲಾಯ್ಸಿ," ಎಂದಳು ಚಿಕ್ಕಮ್ಮ.

"ಒಂದು ಆಗಲ್ಲ, ಜೋಡಿನೇ ಬೇಕು. ಎರಡೂ ಸಮ ದುಡೀಬೇಕು. ಹೊಸದರ ಪಕ್ಕ ಹಳೇದನ್ನ ಕೂರ್ಸಿದ್ರೆ ಒಂದು ಬೆವರು ಸುರಿಸತ್ತೆ, ಇನ್ನೊಂದು ಆಕಳಿಸ್ತಾ ಕೂತಿರತ್ತೆ."

"ನಮ್ಮ ಅಂಗಡೀಲೂ ಹಂಗೇ ಇದೆ. ಯಾರನ್ನೂ ಬದಲಾಯ್ಸಿಲ್ಲವಲ್ಲ!"

ಬೆಸುಗೆ ನನ್ನ ಕಡೆ ತಿರುಗಿದ. "ಸಾರ್, ನನ್ನನ್ನ ಮಹಾಜ್ಞಾನಿ ಥರ ಬರೀಬೇಡಿ. ಪೆನ್ಸಿಲ್‌ನಲ್ಲಿ ತಟ್ಟೋದು ಅರ್ಧ ಸ್ಟೈಲಿಗೆ." ಆಮೇಲೆ ದನಿ ತಗ್ಗಿಸಿ ಚಿಕ್ಕಮ್ಮನಿಗೆ ಹೇಳಿದ: "ಇಷ್ಟು ದುಡ್ಡು ಯಾಕೆ ಸುರೀತೀರಾ? ಡಿಜಿಟಲ್ ಡಬ್ಬಿ ಬಂದಿದೆ. ಅಂಗೈಯಗಲ. ಇಯರ್‌ಫೋನ್ ಸಿಕ್ಕಿಸ್ಕೊಂಡು ನುಡಿಸ್ಬಹುದು."

ಚಿಕ್ಕಮ್ಮ ಅವನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಉಳಿತಾಯ.

೪

ಮನೆಯಲ್ಲಿ ಚಿಕ್ಕಮ್ಮನ ಅತ್ತೆ ಇದ್ದಾರೆ. ಅವರಿಗೆ ಕಿವಿ ಮಂದ. ಚಿಕ್ಕಮ್ಮ ಕೈಕಾಲು ತೊಳೆಯುತ್ತ ಬಚ್ಚಲಿನಿಂದಲೇ ಕೂಗಿದಳು: "ಅತ್ತೇ, ಒಂದು ಹಾಳಾಗಿದೆ! ಉಳಿದ ಒಂದನ್ನ ಇಟ್ಕೊಂಡು ಏನೂ ಮಾಡೋಕಾಗಲ್ಲ! ಹೊಸ ಜೋಡಿ ತಗೋಬೇಕು! ಕಪಾಟಲ್ಲಿ ದುಡ್ಡಿದೆ!"

ಅತ್ತೆಗೆ ಕೇಳಿಸಿದ್ದು 'ಜೋಡು'.

ಯೋಚಿಸಿ ನೋಡಿ, ಅವರ ತಪ್ಪೇನೂ ಇಲ್ಲ. ಒಂದು ಹಾಳಾದರೆ ಇನ್ನೊಂದು ಕೆಲಸಕ್ಕೆ ಬಾರದ ವಸ್ತು ಜೋಡಲ್ಲದೆ ಇನ್ನೇನು? ಇಡೀ ದಿನ ನಿಂತು ದುಡಿಯುವ ಸೊಸೆ, ಪಾಪ, ಕಾಲು ನೋಯುತ್ತಿರಬೇಕು ಎಂದುಕೊಂಡು ಮರುದಿನ ಕಪಾಟಿನ ದುಡ್ಡೆಲ್ಲ ಬಾಚಿಕೊಂಡು ಹೋಗಿ, ಅಂಗಡಿಯಲ್ಲಿದ್ದ ಅತಿ ದುಬಾರಿ, ಅತಿ ದಪ್ಪ ಅಟ್ಟೆಯ, ಕಣ್ಣು ಕುಕ್ಕುವ ಕೆಂಪು ಬೂಟು ತಂದರು. ಮೆತ್ತಗಿದೆಯೋ ಎಂದು ಎಡಗಾಲಿನದನ್ನು ತಾವೇ ಹಾಕಿಕೊಂಡು ಬೀದಿಯುದ್ದ ನಡೆದೂ ನೋಡಿದರು.

ಚಿಕ್ಕಮ್ಮ ಅತ್ತೆಯನ್ನು ಬೈಯಲಿಲ್ಲ. ನನ್ನ ಮೇಲೆ ಹರಿಹಾಯ್ದಳು.

"ಇದು ನಿನ್ನ ಕಿತಾಪತಿ! ಜೋಡಿ, ಜೋಡು! ಒಂದು ಶ್ಲೇಷೆಗೋಸ್ಕರ ನನ್ನ ದುಡ್ಡು ಮಂಗಮಾಯ!"

"ಕಥೆಗೆ ಒಂದು ತಿರುವು ಬೇಕಿತ್ತು ಚಿಕ್ಕಮ್ಮ."

"ನಿನಗೆ ತಿರುವು, ನನಗೆ ಶನಿವಾರ. ಅವತ್ತು ಸ್ಟೇಜ್ ಮೇಲೆ ಬೂಟು ಮೀಟ್ಲಾ?"

ಅತ್ತೆ, ಸೊಸೆ ಇಬ್ಬರೂ ಬೂಟಿನಂಗಡಿಗೆ ಹೋದರು. (ನಾನೂ ಹಿಂದೆ ಹೋದೆ, ಸ್ವಲ್ಪ ದೂರದಲ್ಲಿ.) ಅಂಗಡಿಯವನು ತಿರುಗಿಸಿ ನೋಡಿ ತಲೆಯಾಡಿಸಿದ.

"ಎಡಗಾಲಿಂದು ಹಾಕಿ ನಡೆದಿದೀರಾ. ವಾಪಸ್ ಆಗಲ್ಲ."

"ಬಲಗಾಲಿಂದು ಹೊಸದಾಗೇ ಇದೆಯಲ್ಲ, ಅದನ್ನ ತಗೊಳ್ಳಿ," ಎಂದರು ಅತ್ತೆ.

"ಜೋಡಿನೇ ಬೇಕಮ್ಮ!"

"ಈ ಊರಲ್ಲಿ ಎಲ್ಲಾರಿಗೂ ಜೋಡಿನೇ ಬೇಕು!" ಎಂದು ಅತ್ತೆ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ಬಂದ ಗಿರಾಕಿಗಳಿಗೆಲ್ಲ ಬಲಗಾಲಿನ ಬೂಟು ಎತ್ತಿ ತೋರಿಸುತ್ತ, ಕಿವಿ ಮಂದವಾದವರ ಗಟ್ಟಿ ದನಿಯಲ್ಲಿ ತಮ್ಮ ಅಹವಾಲು ಹೇಳತೊಡಗಿದರು. ಅಂಗಡಿಯವನು ದುಡ್ಡು ವಾಪಸ್ ಕೊಟ್ಟು ಕೈಮುಗಿದ.

ಅಷ್ಟರಲ್ಲಿ ವಾಲ್ವಿನ ಬೆಲೆ ಕುಕ್ಕರ್, ಒಲೆ ಮತ್ತು ಒಂದು ಮಿಕ್ಸಿಗೆ ಬಂದು ನಿಂತಿತ್ತು.

೫

ಅಂತ್ಯಗಳನ್ನು ಮುಂದಿಡುತ್ತೇನೆ, ಆರಿಸಿಕೊಳ್ಳಿ.

ಅಂತ್ಯ ಅ: ಚಿಕ್ಕಮ್ಮನಿಗೆ ಲಾಟರಿ ಹೊಡೆಯುತ್ತದೆ.

("ನೀನು ಬರೆದ ದುಡ್ಡು ಯಾವ ಅಂಗಡೀಲಿ ನಡಿಯತ್ತೆ? ತೆಗಿ ಆಚೆ.")

ಅಂತ್ಯ ಆ: ಚಿಕ್ಕಮ್ಮ ಡಿಜಿಟಲ್ ಡಬ್ಬಿ ಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು, ಸುಖವಾಗಿ...

"ಬೇಡ," ಎಂದರು ಅತ್ತೆ. ನಾನು ಅವರಿಗೆ ಇಲ್ಲಿ ಮಾತು ಕೊಟ್ಟಿರಲಿಲ್ಲ. "ನನಗೆ ಟಿವಿ ಕೇಳಲ್ಲ, ಫೋನ್ ಕೇಳಲ್ಲ. ಇವಳು ಆ ಪೆಟ್ಟಿಗೆ ಹಾಕಿದ್ರೆ ನೆಲ ನಡುಗತ್ತೆ. ನಾನು ಬರಿಗಾಲಲ್ಲಿ ಹತ್ರ ಹೋಗಿ ನಿಂತ್ಕೋತೀನಿ. ಹಾಡು ಕಾಲಿಂದ ಮೇಲೆ ಬರತ್ತೆ. ನನಗೆ ಉಳಿದಿರೋದು ಅದೊಂದೇ ಹಾಡು."

ಚಿಕ್ಕಮ್ಮನಿಗೂ ಇದು ಗೊತ್ತಿರಲಿಲ್ಲ. ಅತ್ತೆ ದಿನಾ ಕಸ ಗುಡಿಸುವ ನೆಪದಲ್ಲಿ ಅಲ್ಲಿ ನಿಲ್ಲುತ್ತಾರೆ ಎಂದುಕೊಂಡಿದ್ದಳು. ನಾನು ಅಂತ್ಯ ಆ ಹೊಡೆದು ಹಾಕಿದೆ. ಅತ್ತೆಯ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಉಳಿಸಿಕೊಂಡೆ.

(ಬೆಲೆ ಮತ್ತೆ ಏರಿತು. ಭಾವುಕತೆ ಭಾರಿ ದುಬಾರಿ.)

೬

ಶನಿವಾರ. ಚಿಕ್ಕಮ್ಮ ಕಪಾಟಿನ ದುಡ್ಡಿಗೆ ಒಂದಿಷ್ಟು ಸಂಬಳದ ಮುಂಗಡ ಸೇರಿಸಿಕೊಂಡು ಬೆಸುಗೆಯ ಮುಂದೆ ನಿಂತಿದ್ದಾಳೆ. ಅವನ ಬಳಿ ಒಂದೇ ಜೋಡಿ ಉಳಿದಿದೆ. ಈ ಕ್ಷಣದ ಬೆಲೆಗೆ ದುಡ್ಡು ಸರಿಯಾಗಿ ಸಾಕಾಗುತ್ತದೆ. ಈ ಕ್ಷಣದ ಬೆಲೆಗೆ ಮಾತ್ರ.

ಅವಳು ನನ್ನ ಕಡೆ ತಿರುಗಿದಳು. "ಬರೆಯೋದು ನಿಲ್ಸು."

"ಒಂದೇ ಒಂದು ಪ್ಯಾರಾ ಚಿಕ್ಕಮ್ಮ. ಪೆಟ್ಟಿಗೆ ಹೇಗೆ ನುಡೀತು, ಅತ್ತೆ ಮುಖ ಹೇಗಾಯ್ತು ಅಂತ."

"ನೀನು ಅದನ್ನ ಬರೆಯೋಷ್ಟರಲ್ಲಿ ಇದು ನನ್ನ ಕೈಮೀರಿ ಹೋಗಿರತ್ತೆ. ನಾನು ನುಡಿಸೋದು ಬೇಕಾ, ನೀನು ಕೇಳೋದು ಬೇಕಾ? ಹೇಳು."

ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು. ಇಷ್ಟು ದೂರ ಬಂದ ನಿಮಗೂ ಇರುತ್ತದೆ.

"ನುಡಿಸು," ಎಂದೆ.

ನೀವೂ ಇಲ್ಲೇ ನಿಲ್ಲಿ. ಮುಂದಿನ ಸಾಲಿಗೆ ಅವಳ ಹತ್ತಿರ ದುಡ್ಡಿಲ್ಲ.