ಮೊಸಳೆಯಿಂದ ಮುಖ ತಿರುಗಿಸಿದವಳು

ಚೋಬೆ ನದಿಯಲ್ಲಿ ಹನ್ನೊಂದು ವರ್ಷದಿಂದ ಫೋಟೊದವರ ದೋಣಿ ನಡೆಸುತ್ತಿದ್ದೇನೆ. ಒಮ್ಮೆಯೂ ಮರಳುದಿಣ್ಣೆಗೆ ಹತ್ತಿಸಿಲ್ಲ. ನಮ್ಮ ಲಾಡ್ಜಿನಲ್ಲಿ ಹೆಡ್ ಡ್ರೈವರ್ ಜಾಗ ಖಾಲಿಯಾದಾಗ ಅದು ನನಗೇ ಸಿಗಬೇಕಿತ್ತು. ಆದರೆ ಯಜಮಾನ ಮೊತ್ಲಬಾನೆಗೆ ತುಸೊ ಎಂಬ ಸೋದರಳಿಯನಿದ್ದಾನೆ. ಎರಡು ಸಲ ದೋಣಿಯನ್ನು ದಿಣ್ಣೆಗೆ ಹತ್ತಿಸಿದ ಮಹಾವೀರ. ಅವನ ಕಣ್ಣಿಗೆ ತಂಪು ಕನ್ನಡಕ ಮಾತ್ರ ಚೆನ್ನಾಗಿ ಒಪ್ಪುತ್ತದೆ.

"ಗೊರತಾ, ಬರ್ಟೆಲ್ ಸಾಹೇಬ್ರು ದೊಡ್ಡ ಫೋಟೊಗ್ರಾಫರ್ರು," ಎಂದ ಯಜಮಾನ, ನನ್ನನ್ನು ಹೆಸರು ಹಿಡಿದು ಕರೆದು. "ಒಂದ್ವಾರ ನಿನ್ನ ದೋಣೀಲೇ ಇರ್ತಾರೆ. ಅವ್ರು ನಿನ್ನ ಮೆಚ್ಕೊಂಡ್ರೆ ಜಾಗ ನಿಂದೇ ಮ್ಮಾ."

ಬರ್ಟೆಲ್ ಮಹಾಶಯರ ಲೆನ್ಸು ಒನಕೆಯಷ್ಟಿತ್ತು. ಆನೆಗಳ ಹಿಂಡು ನದಿಗಿಳಿದಾಗ ಅವರು ತಿರುಗುಕುರ್ಚಿಯಲ್ಲಿ ಕೂತು ಹಿಂದಿನ ದಿನದ ಕೊಕ್ಕರೆಯ ಚಿತ್ರ ನೋಡಿ ತಲೆದೂಗುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ಆನೆಗಳು ಆಚೆ ದಡ ಹತ್ತಿದ್ದವು.

"ದೋಣಿ ಅಲ್ಲಾಡಿಸ್ಬಿಟ್ಟೆಯಲ್ಲಮ್ಮ," ಎಂದರು.

ಎಂಜಿನ್ ಆರಿಸಿದ್ದೆ. ಅಲ್ಲಾಡಿದ್ದು ಅವರ ಹೊಟ್ಟೆ. ಆದರೂ ಹಲ್ಲು ಕಚ್ಚಿಕೊಂಡು, ನಮ್ಮಲ್ಲಿ ಗಂಡಸರಿಗೆ ಗೌರವಕ್ಕೆ ಅನ್ನುವ "ರ್ರಾ" ಕೂಡ ಸೇರಿಸಿ, "ತಪ್ಪಾಯ್ತು, ರ್ರಾ" ಎಂದೆ. ನನಗೆ ಆ ಜಾಗ ಬೇಕಿತ್ತು.

ಕೊನೆಯ ಬೆಳಿಗ್ಗೆ ದಡದಲ್ಲಿ ದೊಡ್ಡ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಬಿಸಿಲು ಬರ್ಟೆಲ್ಲರ ಬೆನ್ನಿಗೆ ಬೀಳುವಂತೆ ದೋಣಿ ತಂದೆ. ಎಂಜಿನ್ ಆರಿಸಿದೆ. ಆಮೇಲೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡೆ.

ನಾನು ಮೊಸಳೆ ಕುಲದವಳು. ಮೊಸಳೆ ನಮ್ಮ ಹಿರಿಯ. ಅವನನ್ನು ದಿಟ್ಟಿಸಿದರೆ ಕಣ್ಣು ಕೆಂಪಾಗಿ ಉರಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಂಬುತ್ತೇನೆಂದಲ್ಲ, ಕತ್ತು ತಾನಾಗಿಯೇ ತಿರುಗುತ್ತದೆ. ಇಷ್ಟು ವರ್ಷವೂ ಓರೆಗಣ್ಣಲ್ಲೇ ಹುಡುಕಿ ತೋರಿಸಿದ್ದೇನೆ. ಅಂದು ಮಾತ್ರ, ಇವರೇನೂ ತಪ್ಪು ಹೊರಿಸದಿರಲಿ ಎಂದು ಹಿರಿಯನನ್ನೇ ಬೇಡುತ್ತ, ಕಣ್ಣನ್ನು ಪೂರ್ತಿ ಮುಚ್ಚಿದೆ. ನೀರಿನ ಸೆಳೆತಕ್ಕೆ ದೋಣಿ ತಿರುಗಿದ್ದು ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಬರ್ಟೆಲ್ಲರಿಗೂ ಮೊಸಳೆಗೂ ನಡುವೆ ನಾನೇ ಇದ್ದೆ. ಅವರು ಒನಕೆ ಬಿಟ್ಟು ಕೊರಳಲ್ಲಿದ್ದ ಸಣ್ಣ ಕ್ಯಾಮೆರಾ ಹಿಡಿದಿದ್ದರು. ಆ ವಾರದಲ್ಲಿ ಅವರು ಹೊತ್ತಿಗೆ ಸರಿಯಾಗಿ ತೆಗೆದ ಚಿತ್ರ ಅದೊಂದೇ.

ಅದಕ್ಕೆ ಬಹುಮಾನ ಬಂತು. ಮುಂದೆ ಕಣ್ಣು ಮುಚ್ಚಿದ ನಾನು, ಹಿಂದೆ ತೆರೆದ ಬಾಯಿ. ಕೆಳಗೆ ಹೆಸರು: "ಭಯ". ಬಾಗಿಲಗಲದ ಒಂದು ಪ್ರತಿಯನ್ನು ಲಾಡ್ಜಿಗೂ ಕಳಿಸಿದ್ದರು.

"ಸಾಹೇಬ್ರು ನಿನ್ನ ತುಂಬಾ ಮೆಚ್ಕೊಂಡಿದ್ದಾರೆ," ಎಂದ ಯಜಮಾನ, ಎಣ್ಣೆಯಲ್ಲಿ ಕರಿದ ಮಗ್ವಿನ್ಯಾ ಬನ್ನನ್ನು ಮುರಿದು ಚಹಾಕ್ಕೆ ಅದ್ದುತ್ತ. "ಆದ್ರೆ ಮೊಸಳೆಗೆ ಹೆದರೋಳು ಹೆಡ್ ಡ್ರೈವರ್ ಆದ್ರೆ ಬಂದೋರು ಏನಂದ್ಕೋತಾರೆ? ಸದ್ಯಕ್ಕೆ ತುಸೊ ಇರ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅದು ಹೆದರಿಕೆ ಅಲ್ಲ ಅಂತ ನಿಮಗೂ ಗೊತ್ತು, ರ್ರಾ."

"ನನಗೆ ಗೊತ್ತು. ಅವ್ರಿಗೆ ಗೊತ್ತಾ?"

ಚಿತ್ರವನ್ನು ಅವನು ತನ್ನ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿಸಿದ್ದ.

"ಎದುರುಗಡೆ ಗೋಡೆಗೆ ಹಾಕ್ಸಿ, ರ್ರಾ. ದಿನಾ ನೋಡ್ಕೊಂಡು ಕೂತ್ಕೋಬಹುದು."

"ಇಲ್ಲೇ ಇರ್ಲಿ ಬಿಡು," ಎಂದ, ಚಹಾದ ಲೋಟದಿಂದ ತಲೆ ಎತ್ತದೆ.

ಅವನೂ ಮೊಸಳೆ ಕುಲದವನೇ.